ತಾತ ಮಲಗಿದ್ದ ಮೂಲೆ ಸೈಟು

ವಿಜಯನಗರದಿಂದ ನಾಯಂಡಹಳ್ಳಿಗೆ ಹೋಗುವ ದಾರಿಯಲ್ಲಿರುವ ನಮ್ಮ ಏರಿಯಾದಲ್ಲಿ ಮೊದಲು ಏನೂ ಇರಲಿಲ್ಲವಂತೆ. ಕಳೆದ ರಾಜ್ಯೋತ್ಸವದಲ್ಲಿ ಒಬ್ಬ ಮಹಾಶಯರು ಭಾಷಣ ಬಿಗಿದರು: ಬರೀ ಪೊದೆ, ಹಾವು, ಲೇಔಟ್ ಆದಮೇಲೇ ಜನ, ಮೆಟ್ರೋ, ಬೆಲೆ ಎಲ್ಲ ಬಂದದ್ದು! ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ. ಆ ಪೊದೆಯಲ್ಲಿ ನಮ್ಮ ಮನೆಯವರು ರಾಗಿ ಬೆಳೆಯುತ್ತಿದ್ದರು ಸ್ವಾಮಿ.

ಜಮೀನು ಲೇಔಟಿಗೆ ಹೋಗುತ್ತದೆಂಬ ಸುದ್ದಿ ಬಂದಾಗ ತಾತ ಹಾಸಿಗೆ ಹಿಡಿದಿದ್ದರು. ನಮ್ಮಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲೇ ಹೂಳುವುದು. ತಾತ ಅಪ್ಪನನ್ನು ಕರೆದು, "ನನ್ನನ್ನ ಬಾವಿ ಪಕ್ಕ ಮಣ್ಣು ಮಾಡ್ರೋ. ಹೆಣದ ಮೇಲೆ ಯಾವನು ಮನೆ ಕಟ್ತಾನೆ? ಅಷ್ಟು ಜಾಗನಾದ್ರೂ ನಿಮಗೆ ಉಳೀತದೆ" ಎಂದರು. ಮನೆಯವರೆಲ್ಲ ನಂಬಿದರು, ಹಾಗೇ ಮಾಡಿದರು. ಪಾಪ, ಸೈಟು ಅಂದರೆ ಜನ ಏನು ಬೇಕಾದರೂ ತುಳಿಯುತ್ತಾರೆಂದು ಅವರಿಗೆಲ್ಲಿ ಗೊತ್ತಿತ್ತು! ಬಾವಿ ಮುಚ್ಚಿದರು. ಸಮಾಧಿ ಒಂದು ಮೂಲೆ ಸೈಟಿನೊಳಗೆ ಸೇರಿಹೋಯಿತು.

ಸೈಟು ದಾವಣಗೆರೆ ಕಡೆಯ ಸಂಸಾರವೊಂದಕ್ಕೆ ಸಿಕ್ಕಿತು. ಮನೆಯೂ ಎದ್ದಿತು. ನಮ್ಮ ಅವ್ವ ಮಾತ್ರ ಬಿಡಲಿಲ್ಲ. ಮಹಾಲಯ ಅಮಾವಾಸ್ಯೆ ಬಂತೆಂದರೆ ಮುದ್ದೆ, ಕೋಳಿಸಾರು ಎಲೆಗೆ ಬಡಿಸಿಕೊಂಡು ಹೋಗಿ ಆ ಗೇಟಿನ ಹೊರಗೆ ಮಾವನಿಗೆ ಎಡೆ ಇಡುತ್ತಿದ್ದಳು. ಆ ಮನೆಯವರೋ ಲಿಂಗವಂತರು, ಮೊಟ್ಟೆಯನ್ನೂ ಮುಟ್ಟದವರು. ಒಂದು ವರ್ಷ ಆ ಮನೆಯ ಯಜಮಾನತಿ ಹೊರಗೆ ಬಂದರು. ಇವತ್ತು ಜಗಳ ಗ್ಯಾರಂಟಿ ಅಂದುಕೊಂಡೆ. "ನಾವೂ ಮಣ್ಣಿಗಿಡೋ ಮಂದೀನೇ ಅವ್ವಾ. ಹಿರಿಯರನ್ನ ಬೀದೀಲಿ ಕೂರಿಸಬ್ಯಾಡ್ರಿ, ಒಳಗೆ ಬರ್ರಿ" ಎಂದು ಕಾಂಪೌಂಡಿನೊಳಗೆ ಜಾಗ ತೋರಿಸಿದರು. ಅಲ್ಲಿಂದಾಚೆಗೆ ಆ ಮೊಳದಷ್ಟು ನೆಲವೇ ಅವ್ವನಿಗೆ ಹೊಲವಾಯಿತು.

ಆ ಯಜಮಾನತಿ ತೀರಿಕೊಂಡರು. ಮಕ್ಕಳು ಮನೆಯನ್ನು ಬಿಲ್ಡರಿಗೆ ಕೊಟ್ಟರು. ಈ ಸಲ ಅಮಾವಾಸ್ಯೆಗೆ ಮುಂಚೆ ಹೇಳಿಬರೋಣವೆಂದು ಹೋದರೆ ಮನೆಯೇ ಇಲ್ಲ, ಅಷ್ಟಗಲ ಗುಂಡಿ. ಅವ್ವ ಅಲ್ಲಿದ್ದ ಮೇಸ್ತ್ರಿಯನ್ನು ಕೇಳಿದಳು: "ಅಗೆಯುವಾಗ ಮೂಳೆ ಏನಾದ್ರೂ ಸಿಕ್ತೇನಪ್ಪಾ? ನಮ್ಮ ಮಾವೋರು ಇದ್ರು ಅಲ್ಲಿ."

"ಅಯ್ಯೋ ಅಜ್ಜಿ, ಜೆಸಿಬಿ ಅಗೆದಿರೋದು. ಯಾರು ನೋಡ್ತಾರೆ? ಮಣ್ಣೆಲ್ಲ ಲಾರೀಲಿ ಹೋಯ್ತು."

"ಎಲ್ಲಿಗೆ?"

"ಕೆಂಗೇರಿ ಆಚೆ ಹೊಸ ಲೇಔಟ್ ಮಾಡ್ತಾವ್ರೆ. ಹಳ್ಳ ತುಂಬ್ಸೋಕೆ."

ಥೂ! ಹೊಲ ತಗೊಂಡರು, ಸರಿ. ಸತ್ತವರನ್ನಾದರೂ ಬಿಡಬಾರದೇ? ಮೇಸ್ತ್ರಿಯ ಮೇಲೆ ಕೂಗಾಡಿದೆ. ಅವನದೇನು ತಪ್ಪು? ಅವ್ವ ನನ್ನ ಕೈ ಹಿಡಿದೆಳೆದುಕೊಂಡು ಮನೆಗೆ ಬಂದಳು.

ಅಮಾವಾಸ್ಯೆಯ ದಿನ ಅಡುಗೆ ಮಾಡಿದಳು. ಎಲೆಗೆ ಬಡಿಸಿ ಅದರ ಮುಂದೆ ಕೂತಳು. "ಟೆರೇಸಿನ ಮೇಲೆ ಇಡವ್ವಾ, ಇನ್ನೇನು ಮಾಡೋಕಾಗ್ತದೆ? ಅವರೇ ಬಂದು ತಿನ್ಕೊಂಡು ಹೋಗ್ತಾರೆ" ಎಂದೆ.

ಅವ್ವ ತಲೆ ಎತ್ತಲಿಲ್ಲ. "ಕೊನೇಗಾಲದಲ್ಲಿ ಅವ್ರಿಗೆ ಕಣ್ಣೇ ಕಾಣ್ತಿರ್ಲಿಲ್ಲ ಕಣೋ. ಕೆಂಗೇರಿಯಿಂದ ಇಲ್ಲಿಗೆ ಹೆಂಗೆ ಬರ್ತಾರೆ?"