ಅಳದ ಮಗುವೂ ತೂಕದಕ್ಕನೂ

ಬೆಳಕು ಹರಿಯುವ ಹೊತ್ತು. ಮಕ್ಕಳ ಆಸ್ಪತ್ರೆಯ ಬಾಗಿಲು ತೆರೆದ ಆಯಾ ಮೊದಲು ಮಾಡುವ ಕೆಲಸ, ಕೂಸುಗಳನ್ನು ತೂಗುವ ತಕ್ಕಡಿಯ ತಟ್ಟೆಯನ್ನು ಬಿಸಿನೀರಿನ ಬಟ್ಟೆಯಿಂದ ಒರೆಸುವುದು. "ತಟ್ಟೆ ತಣ್ಣಗಿದ್ರೆ ಎಲ್ಲ ಕೂಸೂ ಅಳುತ್ತೆ. ಚಳಿಗೆ ಅತ್ತಿದ್ದೋ, ಅಮ್ಮ ಬೇಕು ಅಂತ ಅತ್ತಿದ್ದೋ, ನಂಗೆ ಗೊತ್ತಾಗೋದು ಬೇಡ್ವಾ?" ಎಂದು ನಗುತ್ತಾರೆ. ಎಲ್ಲರ ಬಾಯಲ್ಲೂ ಇವರು ತೂಕದಕ್ಕ.

ಹಿಂದೆ ತಮ್ಮ ಮೊದಲ ಹೆರಿಗೆಯಾದಾಗ ತೂಕದಕ್ಕ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದರು. ಮನೆಮಂದಿ ಸೋಮಾರಿತನ ಎಂದರು. "ನಾನು ಮಾತಾಡಿಸಿದ್ರೆ ತಾನೆ ಮಗು ಮಾತಾಡೋದು? ಅವಳಿಗೆ ಮಾತು ಬರೋಕೆ ತುಂಬಾ ತಡವಾಯ್ತು. ನಂದು ಬಾಣಂತಿಯರಿಗೆ ಬರೋ ಮನಸಿನ ಕಾಯಿಲೆ, ವಾಸಿಯಾಗುತ್ತೆ ಅಂತ ಡಾಕ್ಟರಮ್ಮ ಹೇಳೋವರೆಗೂ ನನ್ನನ್ನೇ ಬೈಕೊಂಡಿದ್ದೆ. ಈಗ ಬಿಡಿ, ಮಗಳ ಬಾಯಿ ಮುಚ್ಚಿಸೋಕೆ ಆಗಲ್ಲ!"

ಕೆಲವು ತಿಂಗಳ ಹಿಂದೆ ಒಬ್ಬ ಅತ್ತೆ, ಸೊಸೆ ಮತ್ತು ಮೊಮ್ಮಗನೊಂದಿಗೆ ಬಂದಿದ್ದರು. "ನಮ್ಮ ಪಾಪು ಚಿನ್ನ, ಅಳೋದೇ ಇಲ್ಲ" ಎಂದು ಅಜ್ಜಿ ಬೀಗಿದರು. ತೂಕವೇನೋ ಸರಿಯಾಗಿಯೇ ಇತ್ತು. ಆದರೆ ತಟ್ಟೆಯ ಮೇಲಿದ್ದ ಮಗು ಅಮ್ಮನನ್ನು ಹುಡುಕಲಿಲ್ಲ, ಸೂರು ನೋಡುತ್ತಿತ್ತು. ಅಮ್ಮ ನೆಲ ನೋಡುತ್ತಿದ್ದಳು.

ತೂಕದಕ್ಕ ಮಗುವನ್ನು ಅಜ್ಜಿಯ ಮಡಿಲಿಗೆ ಹಾಕಿ, ಸೊಸೆಯನ್ನು ಪಕ್ಕದ ಕೋಣೆಗೆ ಕರೆದೊಯ್ದರು. "ಪಾಪು ಇರಲಿ. ನೀನು ಹೇಗಿದ್ದೀಯಾ?" ಅಷ್ಟು ಕೇಳಿದ್ದೇ ತಡ, ಆಕೆ ಬಿಕ್ಕಿ ಬಿಕ್ಕಿ ಅತ್ತಳು. "ಎತ್ಕೊಂಡ್ರೂ ಏನೂ ಅನ್ಸಲ್ಲ ಅಕ್ಕ. ನಾನೆಂಥ ಅಮ್ಮ?"

ಡಾಕ್ಟರಮ್ಮ ಸೊಸೆಗೆ ಚಿಕಿತ್ಸೆ ಶುರು ಮಾಡಿದರು. "ನಾವ್ಯಾರೂ ಹೆತ್ತಿಲ್ವಾ?" ಎಂದು ಗೊಣಗಿದ ಅಜ್ಜಿಯೇ ರಾತ್ರಿ ಮಗು ನೋಡಿಕೊಂಡು ಸೊಸೆಯನ್ನು ನಿದ್ದೆ ಮಾಡಲು ಬಿಟ್ಟರು. ಬಟ್ಟೆ ಮಡಿಸುವಾಗಲೂ ಮಗುವಿನ ಜೊತೆ ಹರಟೆ ಹೊಡೆಯುವುದನ್ನು ಸೊಸೆಗೆ ರೂಢಿ ಮಾಡಿಸಿದ್ದು ತೂಕದಕ್ಕ.

ಇವತ್ತು ಮೂವರೂ ಮತ್ತೆ ಬಂದಿದ್ದಾರೆ. ತೂಕದಕ್ಕ ಮಗುವನ್ನು ಅಮ್ಮನ ತೋಳಿಂದ ಎತ್ತಿ ತಟ್ಟೆಯ ಮೇಲೆ ಮಲಗಿಸುತ್ತಾರೆ. ಮಗು ಅತ್ತಿತ್ತ ನೋಡುತ್ತದೆ, ಅಮ್ಮನ ಮುಖ ಕಾಣುತ್ತದೆ, ತುಟಿ ಸೊಟ್ಟಗಾಗುತ್ತದೆ. ಆಮೇಲೆ ಎರಡೂ ಕೈ ಅವಳತ್ತ ಚಾಚಿ, ಆಸ್ಪತ್ರೆ ಕಿತ್ತುಹೋಗುವಂತೆ ಒಂದೇ ಸಮ ಕಿರುಚುತ್ತದೆ!

"ನೋಡಿ ಅಕ್ಕ, ಒಂದು ನಿಮಿಷ ಬಿಟ್ಟಿರಲ್ಲ" ಎಂದು ದೂರುವ ಅಮ್ಮನ ಮುಖ ಅರಳಿದೆ.

"ಚಿನ್ನದಂಥ ಮಗುನ ಏನು ಮಾಡಿಟ್ರಿ!" ಅಜ್ಜಿ ಕಿವಿ ಮುಚ್ಚಿಕೊಂಡೇ ನಗುತ್ತಾರೆ.

ಕೂಸಿನ ಒದ್ದಾಟಕ್ಕೆ ತಕ್ಕಡಿಯ ಮುಳ್ಳು ನಿಲ್ಲುತ್ತಿಲ್ಲ. ತೂಕದಕ್ಕನಿಗೆ ಅವಸರವೂ ಇಲ್ಲ. ಅಂಗೈಯಿಂದ ತಟ್ಟೆ ಮುಟ್ಟಿ ನೋಡುತ್ತಾರೆ.

"ಬೆಚ್ಚಗೇ ಇದೆ. ಎತ್ಕೋ ತಾಯಿ, ಇದು ನೀನೇ ಬೇಕು ಅಂತ ಅತ್ತಿದ್ದು."