ನಗಾರಿ ಗುಡ್ಡ ಜಲ್ಲಿಯಾದದ್ದು

ಹಾರೋಹಳ್ಳಿ ಕಡೆಯಿಂದ ಬಸ್ಸಿನಲ್ಲಿ ಬಂದರೆ ನಮ್ಮೂರಿಗಿಂತ ಮೂರು ಊರು ಮೊದಲೇ ನಗಾರಿ ಗುಡ್ಡ ಕಾಣುತ್ತಿತ್ತು. ಪಾಳೇಗಾರರ ಕಾಲದಲ್ಲಿ ಅದರ ನೆತ್ತಿಯ ಮೇಲೆ ಕಾವಲಿನವರಿದ್ದರಂತೆ. ದಂಡು ಬರುವುದು ಕಂಡರೆ ನಗಾರಿ ಬಾರಿಸುತ್ತಿದ್ದರಂತೆ. ನಾವು ಆ ಕಾವಲಿನವರ ವಂಶ ಎಂದು ಅಪ್ಪ ಹೇಳುತ್ತಿದ್ದ. ಅದಕ್ಕೆ ಸಾಕ್ಷಿ ಏನೂ ಇರಲಿಲ್ಲ. ಮೇಲೆ ಎದೆಯೆತ್ತರದ ಹಳೇ ಗೋಡೆ, ಬೇಸಿಗೆಯಲ್ಲೂ ನೀರು ಬತ್ತದ ಒಂದು ಕಲ್ಲಿನ ದೊಣೆ, ಇಷ್ಟೇ. ಕಾರ್ತಿಕದ ಕಡೇ ಸೋಮವಾರ ಅಪ್ಪ ಆ ಗೋಡೆಯ ಮೇಲೆ ದೀಪ ಹಚ್ಚಿ ಬರುತ್ತಿದ್ದ. ಎಣ್ಣೆ ಹೊತ್ತು ಹಿಂದೆ ಹೋಗುತ್ತಿದ್ದವಳು ನಾನು.

ಕೈಗಾರಿಕಾ ಪ್ರದೇಶ ಬೆಳೆಯತೊಡಗಿದಾಗ ಕಟ್ಟಡಗಳಿಗೆ ಜಲ್ಲಿ ಬೇಕಾಯಿತು. ಗುಡ್ಡ ಒಬ್ಬ ಗುತ್ತಿಗೆದಾರನ ಪಾಲಾಗಿ, ಅದರ ಬುಡದಲ್ಲಿ ಕಲ್ಲು ಪುಡಿಮಾಡುವ ಕ್ರಷರ್ ಬಂತು. ಮದ್ದು ತುಂಬಲು ಬಂಡೆಗೆ ಕುಳಿ ಕೊರೆಯುವ ಕೆಲಸಕ್ಕೆ ಅಣ್ಣ ಮೊದಲ ತಿಂಗಳೇ ಸೇರಿಕೊಂಡ. ಅಪ್ಪ ಬೇಡವೆನ್ನಲಿಲ್ಲ. ಆದರೆ ಪಿಯುಸಿ ಓದುತ್ತಿದ್ದ ನನ್ನಿಂದ ಸರ್ಕಾರಕ್ಕೆ ಒಂದು ಅರ್ಜಿ ಬರೆಸಿದ: ಮೇಲಿನ ಗೋಡೆಯನ್ನಾದರೂ ಉಳಿಸಿಕೊಡಿ ಅಂತ.

ಎಂಟು ತಿಂಗಳ ಮೇಲೆ ಒಬ್ಬ ಅಧಿಕಾರಿ ಬಂದರು. ಅಪ್ಪ ಅವರನ್ನು ಕೈಹಿಡಿದು ಹತ್ತಿಸಿದ. ಅವರು ಗೋಡೆ ನೋಡಿ, ಬೆವರು ಒರೆಸಿಕೊಂಡು, "ಶಾಸನ ಗೀಸನ ಇದೆಯೇನ್ರೀ?" ಎಂದರು.

"ಬರವಣಿಗೆ ಇಲ್ಲ ಸ್ವಾಮಿ. ನಮ್ ತಾತ ಯೋಳ್ತಿದ್ದ."

"ತಾತ ಹೇಳಿದ್ದನ್ನ ವರದೀಲಿ ಬರೆಯೋಕಾಗುತ್ತಾ?"

ವರದಿಯಲ್ಲಿ 'ಕಾಡುಗಲ್ಲಿನ ರಾಶಿ' ಎಂದಿತ್ತು. ಓದಿ ಹೇಳಿದವಳೂ ನಾನೇ. ಅಪ್ಪ ಇನ್ನೊಂದು ಸಲ ಓದಿಸಿದ.

ಮರುವರ್ಷ ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟ ಅಣ್ಣ ಬಾಗಿಲಲ್ಲೇ ನಿಂತ.

"ಅಪ್ಪ, ಇವತ್ತು ಮೇಗಲದ್ನ ಸಿಡಿಸ್ತಾರೆ. ಗೋಡೆ ಬುಡಕ್ಕೆ ನಾನೇ ಕುಳಿ ಹೊಡ್ದಿವ್ನಿ."

ಅಪ್ಪ ತಂಗಳು ಮುದ್ದೆ ಮುರಿಯುತ್ತಿದ್ದ. "ನೀನಲ್ದಿದ್ರೆ ಇನ್ನೊಬ್ಬ ಹೊಡೀತಿದ್ದ. ಹೋಗು, ಹೊತ್ತಾಯ್ತದೆ."

ಮಧ್ಯಾಹ್ನ ಮದ್ದು ಸಿಡಿದಾಗ ಹೆಂಚುಗಳು ಅದುರಿದವು. ಅಪ್ಪ ಹೊರಗೆ ಹೋಗಿ ನೋಡಲಿಲ್ಲ. ಸಂಜೆ ಅಣ್ಣ ಗೋಡೆಯದೇ ಒಂದು ಕಲ್ಲನ್ನು ಹೆಗಲ ಮೇಲೆ ಹೊತ್ತು ತಂದು ಅಂಗಳದಲ್ಲಿ ಇಳಿಸಿದ. ಮೈತುಂಬ ಬಿಳಿ ದೂಳು. ಅಪ್ಪ ಆ ಕಲ್ಲಿನ ಸುತ್ತ ಒಂದು ಸಲ ನಡೆದ.

"ಇದೊಂದ್ನ ಇಟ್ಕಂಡು ಏನ್ಲಾ ಮಾಡ್ಲಿ? ತಕಂಡೋಗಿ ಕ್ರಷರ್‌ಗೆ ಹಾಕು."

ಅಣ್ಣ ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಅಪ್ಪ ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ. ಮಾರನೆಯ ದಿನ ಕಲ್ಲನ್ನು ವಾಪಸು ಹೊತ್ತುಕೊಂಡು ಹೋದ. ಆ ಕಾರ್ತಿಕದಲ್ಲಿ ಅಪ್ಪ ಎಣ್ಣೆ ತರಿಸಲಿಲ್ಲ, ನಾನೂ ನೆನಪಿಸಲಿಲ್ಲ.

ಐದಾರು ವರ್ಷಕ್ಕೆ ಗುಡ್ಡ ಮುಗಿಯಿತು. ಕ್ರಷರನ್ನು ಬಿಚ್ಚಿ ಕನಕಪುರದಾಚೆ ಇನ್ನೊಂದು ಬೆಟ್ಟದ ಬುಡಕ್ಕೆ ಸಾಗಿಸಿದರು. ಆ ಹೊತ್ತಿಗೆ ಅಣ್ಣನಿಗೆ ಕೆಮ್ಮು ಹತ್ತಿತ್ತು. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ. ಇನ್ನಾದರೂ ಆ ಕೆಲಸ ಬಿಡು ಎಂದೆ.

"ಬುಟ್ಟು ಏನವ್ವ ಮಾಡ್ಲಿ? ನಂಗೆ ಬರೋದು ಅದೊಂದೇ."

ಬಟ್ಟೆಯ ಚೀಲ ಎತ್ತಿಕೊಂಡು, ಕ್ರಷರಿನ ಕಬ್ಬಿಣದ ಸಾಮಾನು ಹೇರಿದ್ದ ಲಾರಿಯ ಹಿಂದೆ ಹತ್ತಿ ಕೂತ.