ಐದನೇ ಆಲ್ಬಂ ಅಳಿಸಿದವರು

ಎಂಬತ್ತರ ದಶಕದ ಕೊನೆಯಲ್ಲಿ ನಾನು ಮಂಚೇನಹಳ್ಳಿಯ ಒಂದು ಶಾಲೆಯಲ್ಲಿ ಟೀಚರಾಗಿದ್ದೆ. ಅಣ್ಣ ಗೌರಿಬಿದನೂರಿನ ಕಾರ್ಖಾನೆಯಲ್ಲಿ ಫಿಟ್ಟರ್. ಇಬ್ಬರಿಗೂ ಒಂದೇ ಹುಚ್ಚು, ಇಂಗ್ಲೆಂಡಿನ ಒಂದು ರಾಕ್ ಬ್ಯಾಂಡು. ಅವರ ಒಂದೊಂದು ಹಾಡು ಕ್ಯಾಸೆಟ್ಟಿನ ಒಂದು ಬದಿ ಪೂರ್ತಿ ಓಡುತ್ತಿತ್ತು. ನಡುವೆ ತಾಳ ಬದಲಾಗುತ್ತಿತ್ತು, ಆರ್ಗನ್ ನುಗ್ಗುತ್ತಿತ್ತು, ಹಾಡುವವನು ಎಲ್ಲೋ ಮಾಯವಾಗಿ ಬಹಳ ಹೊತ್ತಿನ ಮೇಲೆ ಮರಳುತ್ತಿದ್ದ. "ಇದು ಮುಗಿಯೋದು ಯಾವಾಗಪ್ಪ" ಎಂದು ಅಮ್ಮ ಒಳಗಿನಿಂದ ಕೇಳುತ್ತಿದ್ದಳು.

ಇಂಥದ್ದನ್ನು ಕೇಳುವವರು ನಮ್ಮ ಕಡೆ ಇನ್ನಿಬ್ಬರೇ ಸಿಕ್ಕರು. ಒಬ್ಬ ಶಿಡ್ಲಘಟ್ಟದಲ್ಲಿ ಗೂಡಿನಿಂದ ರೇಷ್ಮೆ ನೂಲು ತೆಗೆಸುವ ರೀಲರ್, ಅಣ್ಣನ ಸ್ನೇಹಿತ. ಇನ್ನೊಬ್ಬರು ಚಿಂತಾಮಣಿಯ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದ ಮೇಷ್ಟ್ರು. ಅವರದು ಕಳವಾರದ ಕಡೆ ಜಮೀನಿದ್ದ ಮನೆತನ, ವಾಸ ಚಿಕ್ಕಬಳ್ಳಾಪುರದಲ್ಲಿ. ನಮ್ಮ ಮನೆಯಲ್ಲಿದ್ದದ್ದು ಒಂದು ಚಿಕ್ಕ ಟೇಪ್ ರೆಕಾರ್ಡರ್, ದೊಡ್ಡ ಸ್ಪೀಕರುಗಳ ಒಳ್ಳೆಯ ಟೇಪ್ ಡೆಕ್ಕು ಇದ್ದದ್ದು ಅವರಲ್ಲಿ ಮಾತ್ರ. ಹಾಗಾಗಿ ಭಾನುವಾರ ಅವರ ಮನೆಯ ಹಜಾರದಲ್ಲಿ ಸೇರುತ್ತಿದ್ದೆವು.

ಸೇರಿದರೆ ವಾದವೇ. ಮೇಷ್ಟ್ರ ಪ್ರಕಾರ ಎರಡನೇ ಆಲ್ಬಮ್ಮೇ ಶಿಖರ, ಆಮೇಲಿನದೆಲ್ಲ ಇಳಿಜಾರು. ರೀಲರ್‌ಗೆ ಮೂರನೆಯದು ತಲೆನೋವು. "ಏಮಿ ಸಾರ್, ಆ ಆರ್ಗನ್ನು ಎಮ್ಮೆ ಅರಚಿದಂಗಿದೆ" ಎನ್ನುತ್ತಿದ್ದ. ಅಣ್ಣ ಮೇಷ್ಟ್ರು ಹೇಳಿದ್ದಕ್ಕೆ ತಲೆಯಾಡಿಸುತ್ತಿದ್ದ. ನನಗೆ ಇಷ್ಟವಾಗಿದ್ದು ಐದನೆಯದು. ಆರ್ಗನ್ನಿನವನು ಬಿಟ್ಟುಹೋದ ಮೇಲೆ ಉಳಿದವರು ಚಿಕ್ಕ ಚಿಕ್ಕ ಹಾಡು ಮಾಡಿದ್ದರು. ಏನೋ ಕಳೆದುಕೊಂಡವರು ತಗ್ಗಿದ ದನಿಯಲ್ಲಿ ಹಾಡಿದ ಹಾಗಿತ್ತು. ಅದನ್ನು ಹೇಳಿದೆ.

"ಅದು ಮದುವೆ ಮನೆ ವಾಲಗ ಕಣಮ್ಮ. ದುಡ್ಡಿಗೆ ಮಾಡಿದ್ದು" ಎಂದು ಮೇಷ್ಟ್ರು ನಕ್ಕರು. ಆಮೇಲೆ, "ಕೊಟ್ಟಿರು, ಇನ್ನೊಂದು ಸಲ ಕೇಳ್ತೀನಿ" ಎಂದು ನನ್ನ ಕ್ಯಾಸೆಟ್ ಇಟ್ಟುಕೊಂಡರು. ಪರವಾಗಿಲ್ಲ, ಕೇಳುವ ಮನಸ್ಸಾದರೂ ಇದೆಯಲ್ಲ ಎಂದುಕೊಂಡೆ.

ಮುಂದಿನ ತಿಂಗಳು ಅಣ್ಣನ ಕೈಯಲ್ಲಿ ಅದನ್ನು ವಾಪಸ್ ಕಳಿಸಿದರು. ಸ್ಕೂಲಿನಿಂದ ಬಂದವಳೇ ಹಾಕಿದೆ. ಬಂದದ್ದು ಎರಡನೇ ಆಲ್ಬಂ. ತಿರುಗಿಸಿ ಹಾಕಿದೆ, ಅಲ್ಲೂ ಅದೇ. ತೆಗೆದು ನೋಡಿದರೆ ಕ್ಯಾಸೆಟ್ಟಿನ ನೆತ್ತಿಯ ಎರಡು ತೂತುಗಳ ಮೇಲೆ ಸೆಲೋ ಟೇಪ್ ಅಂಟಿಸಿತ್ತು. ಅಂಗಡಿಯಿಂದ ತಂದ ಕ್ಯಾಸೆಟ್ಟಿನ ಮೇಲೆ ಬೇರೆಯದನ್ನು ತುಂಬಬೇಕಾದರೆ ಆ ತೂತು ಮುಚ್ಚಲೇಬೇಕು. ಕೈತಪ್ಪಿ ಆದದ್ದಲ್ಲ ಎಂಬುದಕ್ಕೆ ಅಷ್ಟು ಸಾಕಾಗಿತ್ತು. ಎರಡು ಬದಿಯನ್ನೂ ಕೂತು ಅಳಿಸಿದ್ದಾರಲ್ಲ, ಅಷ್ಟು ಹೊತ್ತಿನಲ್ಲಿ ಒಮ್ಮೆಯೂ ಇದು ಇನ್ನೊಬ್ಬಳದು ಅನ್ನಿಸಲಿಲ್ಲವೇ?

ಭಾನುವಾರ ಮೊದಲ ಬಸ್ಸಿಗೇ ಹೊರಟೆ. ಅಣ್ಣನೂ ಬಂದ. ರೀಲರ್ ಆಗಲೇ ಬಂದು ಕೂತಿದ್ದ.

"ಯಾಕೆ ಅಳಿಸಿದ್ರಿ ಸಾರ್?" ನಿಂತೇ ಕೇಳಿದೆ.

"ನಿನಗೆ ಒಳ್ಳೇದಾಗ್ಲಿ ಅಂತ. ಕೆಟ್ಟದ್ದು ಹೋಗಿ ಒಳ್ಳೇದು ಬಂತಲ್ಲ."

"ಅದು ನನ್ನ ಕ್ಯಾಸೆಟ್. ಒಳ್ಳೇದು ಕೆಟ್ಟದ್ದು ನಾನು ನೋಡ್ಕೋತೀನಿ."

ಅವರಿಗೆ ಸಿಟ್ಟು ಕೂಡ ಬರಲಿಲ್ಲ. ಮಕ್ಕಳಿಗೆ ಬುದ್ಧಿ ಹೇಳುವವರಂತೆ ಅಂದರು: "ಕೇಳೋಕೂ ಒಂದು ಸಂಸ್ಕಾರ ಬೇಕಮ್ಮ. ಅದು ಮನೆಯಿಂದ ಬರ್ಬೇಕು. ನಿಮ್ಮದೇನೂ ತಪ್ಪಿಲ್ಲ ಬಿಡು."

ನಮ್ಮ ಮನೆಯ ಗೋಡೆಯ ಮೇಲೆ ದೇವರ ಪಟಗಳಿಲ್ಲ, ಬುದ್ಧ ಇದ್ದಾನೆ. ಅದು ಅವರಿಗೆ ಗೊತ್ತಿತ್ತು. 'ಮನೆ' ಎಂದರೆ ಯಾವ ಕೇರಿಯ ಮನೆ ಎಂದು ನನಗೂ ಗೊತ್ತಾಯಿತು, ಅಣ್ಣನಿಗೂ ಗೊತ್ತಾಯಿತು.

"ಇದು ತಪ್ಪು ಸಾರ್. ಕೊಟ್ಟಿದ್ದನ್ನ ಕೆಡಿಸಬಾರ್ದಿತ್ತು. ಆ ಮಾತೂ ಆಡಬಾರ್ದಿತ್ತು" ಎಂದದ್ದು ರೀಲರ್. ಅಣ್ಣ ಡೆಕ್ಕಿನಲ್ಲಿ ಓಡುತ್ತಿದ್ದ ಕ್ಯಾಸೆಟ್ಟನ್ನೇ ನೋಡುತ್ತ ಕೂತಿದ್ದ.

"ಬಾ ಅಣ್ಣ, ಹೋಗಣ" ಎಂದೆ.

"ಈ ಸೈಡ್ ಮುಗೀಲಿ. ಆಮೇಲೆ ಬರ್ತೀನಿ."

ಒಬ್ಬಳೇ ಬಸ್‌ಸ್ಟ್ಯಾಂಡಿಗೆ ನಡೆದೆ. ಮೇಷ್ಟ್ರ ಮಾತಿಗಿಂತ ಅಣ್ಣನ ಆ ಮಾತೇ ದಾರಿಯುದ್ದಕ್ಕೂ ಕೇಳಿಸುತ್ತಿತ್ತು. ಸಂಜೆ ಮನೆಗೆ ಬಂದವನಿಗೆ, "ನಿನಗೆ ನಾಚಿಕೆ ಆಗಲ್ವಾ?" ಎಂದು ಕೇಳಿದೆ. "ಡೆಕ್ಕು ಇರೋದು ಅವರೊಬ್ಬರ ಹತ್ರ ಕಣೇ" ಎಂದ. ಇನ್ನೂ ಬಹಳ ವರ್ಷ ಅಲ್ಲಿಗೆ ಹೋಗುತ್ತಲೇ ಇದ್ದ. ನಾನು ಹೋಗಲಿಲ್ಲ. ಮನೆಯಲ್ಲಿ ಅವನು ಆ ಬ್ಯಾಂಡು ಹಾಕಿದರೆ ಎದ್ದು ಹೊರಗೆ ಬರುತ್ತಿದ್ದೆ.

ತೊಂಬತ್ತರ ದಶಕದ ನಡುವೆ ಐದನೆಯದು ಮತ್ತೆ ನನಗೆ ಸಿಕ್ಕಿತು. ಕೇಳಿದೆ. ಎರಡು ಹಾಡು ನಿಜಕ್ಕೂ ಸಪ್ಪೆ. ಉಳಿದವು ನಾನು ಹೇಳಿದಂತೆಯೇ ಇದ್ದವು. ಆಮೇಲೊಮ್ಮೆ ಚಿಂತಾಮಣಿಯ ಒಂದು ಮದುವೆಯಲ್ಲಿ ಮೇಷ್ಟ್ರು ಎದುರಾದರು. ಕೂದಲು ನರೆತಿತ್ತು. ಅವರೇ ಹತ್ತಿರ ಬಂದು, "ಆ ಐದನೇ ಆಲ್ಬಂ ಇದೆಯಲ್ಲಮ್ಮ, ಈಚೆಗೆ ಕೇಳ್ದೆ. ತುಂಬ ಚೆನ್ನಾಗಿದೆ. ಯಾರೂ ಗುರುತಿಸ್ಲಿಲ್ಲ ನೋಡು" ಎಂದರು.

"ನಾನು ಆವಾಗ್ಲೇ ಹೇಳಿದ್ದೆ ಸಾರ್. ನೀವು ಅದನ್ನ ಅಳಿಸಿದ್ರಿ."

"ಹೌದಾ?" ಎಂದು ಹುಬ್ಬೇರಿಸಿದರು. "ನೆನಪಿಲ್ಲವಲ್ಲಮ್ಮ."

ಸುಳ್ಳು ಹೇಳಿದರು ಎಂದು ನನಗನ್ನಿಸಲಿಲ್ಲ. ನಿಜಕ್ಕೂ ಮರೆತಿದ್ದರು. ಸುಳ್ಳಾಗಿದ್ದರೆ ಅಲ್ಲೇ ನಾಲ್ಕು ಮಾತು ಬೈದು ಹಗುರಾಗುತ್ತಿದ್ದೆನೇನೋ. ಊಟಕ್ಕೆ ಕರೆಯುತ್ತಿದ್ದರು. ಅವರಿದ್ದ ಪಂಕ್ತಿ ಬಿಟ್ಟು ಇನ್ನೊಂದರಲ್ಲಿ ಹೋಗಿ ಕೂತೆ.